ಕೆಂಪರಾಜುವಿನ ಕೋಪ, ಈರಕ್ಕನ ಮೆಣಸಿನಕಾಯಿ

ಯಗಟಿಯ ಈರಕ್ಕನ ಮನೆಯಲ್ಲಿ ಒಣಮೆಣಸಿನಕಾಯಿ ಸಾರಿಗಿಂತ ದೃಷ್ಟಿ ತೆಗೆಯುವುದಕ್ಕೇ ಹೆಚ್ಚು ಖರ್ಚಾಗುತ್ತಿತ್ತು. ಮಗ ಕೆಂಪರಾಜುವಿಗೆ ಕೋಪ ಬಂದಾಗಲೆಲ್ಲ ಆಕೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಕೋಪ ಹೋಗುತ್ತಿರಲಿಲ್ಲ, ಮನೆಮಂದಿಗೆಲ್ಲ ಕೆಮ್ಮು ಮಾತ್ರ ಬರುತ್ತಿತ್ತು.

ಕೆಂಪರಾಜು ಕೆಟ್ಟವನೇನಲ್ಲ. ಆದರೆ ಹೆಂಡತಿ ಅನುಪಮಾ ತವರಿಗೆಂದು ಚೀಲ ಹಿಡಿದರೆ ಸಾಕು, "ಹೋದ್ರೆ ತಿರುಗಿ ಬರ್ಬೇಡ!" ಎಂದು ತಟ್ಟೆ ಎಸೆಯುತ್ತಿದ್ದ. ಸ್ವಲ್ಪ ಹೊತ್ತಿಗೆಲ್ಲ, "ನನ್ನ ಬಿಟ್ಟೋಗ್ಬೇಡ ಕಣೇ" ಎಂದು ಅಳುತ್ತಿದ್ದ. ಪಾಪ, ಅನುಪಮಾ ತವರನ್ನೇ ಮರೆತಿದ್ದಳು. ಈಗ ಅಜ್ಜಂಪುರದಲ್ಲಿ ತಂಗಿ ಬಸುರಿ. ಸೀಮಂತಕ್ಕೂ ಹೋಗಲಾಗದೇನೋ ಎಂದು ಅವಳಿಗೆ ಸಂಕಟ.

ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆ ಉಚ್ಚಂಗಮ್ಮ ಸೀನುತ್ತಲೇ ಒಳಗೆ ಬಂದಳು.

"ಏನ್ ಈರಕ್ಕ, ಇವತ್ತೂ ದೃಷ್ಟೀನಾ?"

"ಇನ್ನೇನ್ ಮಾಡ್ಲವ್ವ? ಪ್ರಾಯಕ್ಕೆ ಬಂದಾಗ್ಲಿಂದ ಹಿಂಗೇ. ಯಾರ್ದೋ ಕಣ್ಣು ಬಿದ್ದೈತೆ."

"ಇಷ್ಟ್ ವರ್ಷ ಯಾರ್ ಕಣ್ಣವ್ವ ಬೀಳುತ್ತೆ? ಬಿಟ್ಟೋಗ್ತಾರೆ ಅನ್ನೋ ಭಯ, ಗಳಿಗೆಗೊಂದು ಮನಸು... ಇದು ವ್ಯಕ್ತಿತ್ವದ ತೊಂದರೆ ಇರ್ಬೋದು. ಕಡೂರು ಆಸ್ಪತ್ರೆ ಡಾಕ್ಟ್ರು ನೋಡಿ ಹೇಳ್ಬೇಕು. ಕೂರಿಸ್ಕಂಡು ಮಾತಾಡಿಸೋ ಚಿಕಿತ್ಸೆ ಐತೆ."

"ನನ್ ಮಗನಿಗೆ ಹುಚ್ಚು ಅಂತೀಯಾ?"

"ನೀನು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲ್ವಾ? ಇದೂ ಹಂಗೇ."

ಜಗಲಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಕೆಂಪರಾಜು ಮೆಲ್ಲಗೆ ಕೇಳಿದ: "ಎಸೆದ್ಮೇಲೆ ನಂಗೇ ನಾಚ್ಕೆ ಆಗ್ತದೆ ಅಕ್ಕ. ಕಡೂರಿಗೆ ಯಾವಾಗ ಹೋಗಣ?"

ಈರಕ್ಕ ಮೆಣಸಿನಕಾಯಿ ಡಬ್ಬದ ಮುಚ್ಚಳ ಹಾಕಿದಳು. ಉಚ್ಚಂಗಮ್ಮ ಅನುಪಮಾಳ ಕಡೆ ತಿರುಗಿದಳು. "ಅವ್ನು ಕುದೀತಿರೋವಾಗ ವಾದ ಮಾಡ್ಬೇಡ. ಎಲ್ಲಿಗೆ ಹೋಗ್ತೀಯ, ಯಾವಾಗ ಬತ್ತೀಯ ಹೇಳು, ಹೇಳ್ದಂಗೇ ಬಾ. ತವರು ಮಾತ್ರ ಬಿಡ್ಬೇಡ. ಕೈ ಎತ್ತಿದ್ರೆ ಸಹಿಸ್ಕಂಡ್ ಕೂರ್ಬೇಡ, ಸೀದಾ ನಮ್ಮನೆಗೆ ಬಂದ್ಬಿಡು."

ಗಂಡ ಹೆಂಡತಿ ಕಡೂರಿನ ಆಸ್ಪತ್ರೆಗೆ ಹೋದರು. ಬಿಡದೆ ಹೋಗುತ್ತಿದ್ದಾರೆ. ಕೋಪ ಈಗಲೂ ಬರುತ್ತದೆ. ಬಂದಾಗ ಕೆಂಪರಾಜು ಎದ್ದು ತೋಟ ಸುತ್ತಿ ಬರುತ್ತಾನೆ.

ಸೀಮಂತದ ದಿನ ಹೆಂಡತಿಯನ್ನು ಬಸ್ಸು ಹತ್ತಿಸಿದವನು ಅವನೇ. ಮಧ್ಯಾಹ್ನ ಫೋನು ಮಾಡಿದ. "ಎದೆ ಢವಢವ ಅಂತೈತೆ ಕಣೇ. ಬತ್ತೀಯ ತಾನೇ?"

"ಸಂಜೆ ಬಸ್ಸಿಗೆ ಬತ್ತೀನಿ ಕಣ್ರೀ, ಹೋಳಿಗೇನೂ ತತ್ತೀನಿ."

ಬಂದಳು. ಊಟಕ್ಕೆ ಕೂತ ಕೆಂಪರಾಜುವಿನ ಮುಖ ಇದ್ದಕ್ಕಿದ್ದಂತೆ ಕೆಂಪಾಯಿತು, ಕಣ್ಣಲ್ಲಿ ನೀರು. ಈರಕ್ಕ ಗಾಬರಿಯಿಂದ ಮೆಣಸಿನಕಾಯಿ ಡಬ್ಬಕ್ಕೆ ಕೈ ಹಾಕಿದಳು.

"ಕೂತ್ಕೊಳವ್ವ! ಇದು ಕೋಪ ಅಲ್ಲ, ಖಾರ. ದೃಷ್ಟಿಗೆ ಇಟ್ಟಿದ್ದ ಮೆಣಸಿನಕಾಯಿನೆಲ್ಲ ಸಾರಿಗೇ ಸುರಿದಿದ್ದೀಯಲ್ಲ!"

ಅನುಪಮಾ ನಕ್ಕೂ ನಕ್ಕೂ ಸುಸ್ತಾದಳು. ಕೆಂಪರಾಜು ತಟ್ಟೆ ಮುಂದೆ ಚಾಚಿ ಹೋಳಿಗೆ ಹಾಕಿಸಿಕೊಂಡ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೀಗಿದ್ದರೆ ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ಇಲ್ಲವೇ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಫೋನು ಮಾಡಿ. ಮನಸ್ಸಿನ ನೋವಿಗೆ ಡಾಕ್ಟರು ಇದ್ದಾರೆ, ಮೆಣಸಿನಕಾಯಿ ಸಾರಿಗಿರಲಿ.