ಮಂಡಿನೋವಿನ ಚಿಕ್ಕಮ್ಮ

ನನ್ನಷ್ಟು ದೊಡ್ಡ ಸಂಸಾರ ಈ ಭೂಮಂಡಲದಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ನಲವತ್ತು ಮಂದಿ! ಹಾಸಿಗೆ ಅಂಗಡಿಯ ಮಹಡಿಯಲ್ಲಿ, ಕಿಟಕಿಯಿಲ್ಲದ ನನ್ನ ಕೋಣೆಯಲ್ಲಿ, ಒಂದೇ ಫೋನಿನೊಳಗೆ ಎಲ್ಲರ ವಾಸ.

ಅಂಗಡಿಯ ಆನ್‌ಲೈನ್ ಪುಟದಲ್ಲಿ ಯಾರಾದರೂ ಒಂದೇ ನಕ್ಷತ್ರ ಕೊಟ್ಟು ಬೈದರೆ ಹತ್ತು ನಿಮಿಷದೊಳಗೆ ಉತ್ತರ ಬರೆಯುವುದು ನನ್ನ ಕೆಲಸ. ನಾನೋ, ಎಂಟೇ ನಿಮಿಷದಲ್ಲಿ ಹುಲಿಯಂಥ ಗಿರಾಕಿಯನ್ನೂ ಬೆಕ್ಕಿನ ಮರಿ ಮಾಡಿಬಿಡುತ್ತಿದ್ದೆ. ಅಷ್ಟಕ್ಕೇ ಸುಮ್ಮನಾಗುವ ಆಸಾಮಿಯಲ್ಲ. ಐದು ನಕ್ಷತ್ರ ಕೊಡಲೆಂದು ನಲವತ್ತು ಗಿರಾಕಿಗಳನ್ನು ನಾನೇ ಹುಟ್ಟಿಸಿದೆ. ಬ್ರಹ್ಮ ಬಂದು ನನ್ನ ಹತ್ತಿರ ಕೆಲಸ ಕಲಿಯಬೇಕು, ಹಾಗೆ! ನಿವೃತ್ತ ಮೇಷ್ಟ್ರು, ಗೊರಕೆಯ ಭಾವ, ಅವನ ಮೇಲೆ ರೇಗುವ ನಾದಿನಿ. ಎಲ್ಲರಿಗೂ ಮೇಲೆ ಮಂಡಿನೋವಿನ ಚಿಕ್ಕಮ್ಮ. "ಈ ಹಾಸಿಗೆ ಮೇಲೆ ಮಲಗಿ ಮಂಡಿನೋವು ಮಾಯ ಆಯ್ತು ಕಣ್ರಮ್ಮಾ" ಎಂದು ಅವಳಿಂದ ಬರೆಸಿದಾಗ ನನಗೇ ಕಣ್ಣು ತುಂಬಿ ಬಂತು.

ಅದನ್ನು ನಂಬಿ ಒಬ್ಬ ಟೈಲರಮ್ಮ ಹಾಸಿಗೆ ಕೊಂಡರು. ಒಂಟಿ ಜೀವ, ದಿನವಿಡೀ ಮೆಷಿನ್ ತುಳಿದು ಮಂಡಿ ಹಿಡಿದಿತ್ತು. ಆಮೇಲೆ ದಿನಾ ಮಧ್ಯಾಹ್ನ ಚಿಕ್ಕಮ್ಮನಿಗೆ ಮೆಸೇಜು: "ಊಟ ಆಯ್ತಾ ಚಿಕ್ಕಮ್ಮ?"

"ಆಯ್ತು ಕಣೆ ಮಗಳೇ. ನಿಂದು?" ಎಂದು ಒತ್ತಿ, ಆಮೇಲೆ ಡಬ್ಬಿ ಬಿಚ್ಚುತ್ತಿದ್ದೆ. ನನ್ನ ಊಟ ವಿಚಾರಿಸುವವರು ಬೀದಿಯುದ್ದಕ್ಕೂ ಸಾಲುಗಟ್ಟಿದ್ದರು ಬಿಡಿ. ಆದರೂ ಆ ಮೆಸೇಜು ಬರದೆ ಡಬ್ಬಿ ಬಿಚ್ಚಲು ಕೈ ಬರುತ್ತಿರಲಿಲ್ಲ.

ಮೊನ್ನೆ ಎದುರು ಅಂಗಡಿಯವರಿಂದ ಲೀಗಲ್ ನೋಟಿಸ್ ಬಂತು. ನಮ್ಮ ವಕೀಲೆ ಕನ್ನಡಕ ಮೇಲೆ ಮಾಡಿ ಕೇಳಿದರು: "ಈ ನಲವತ್ತರಲ್ಲಿ ನಿಜವಾದ ಮನುಷ್ಯರು ಎಷ್ಟು ಜನ?"

"ಎಲ್ಲಾ ಸೇರಿಸಿದ್ರೆ... ನಾನೊಬ್ಬ, ಮೇಡಂ."

"ನಿನ್ನ ಸಂಸಾರ ನನ್ನ ಅಂಗಡಿಗೆ ಬೀಗ ಹಾಕ್ಸುತ್ತಲ್ಲೋ ಮಾರಾಯ!" ಯಜಮಾನರು ತಲೆ ಹಿಡಿದುಕೊಂಡರು.

"ಸುಳ್ಳು ಗಿರಾಕಿ ತೋರಿಸಿ ಮಾಲು ಮಾರೋದು ಮೋಸ ಕಣ್ರೀ," ಎಂದರು ವಕೀಲೆ. "ಎಲ್ಲದರ ಪ್ರತಿ ತೆಗೆದು ನಂಗೆ ಕೊಡಿ. ನಂಬಿ ಕೊಂಡೋರಿಗೆ ನಿಜ ಹೇಳಿ. ಸಂಜೆಯೊಳಗೆ ಒಬ್ಬರೂ ಪುಟದಲ್ಲಿ ಇರಬಾರದು."

ಮೂವತ್ತೊಂಬತ್ತು ಮಂದಿಯನ್ನು ಒಂದೇ ಉಸಿರಿಗೆ ಅಳಿಸಿದೆ. ಮೇಷ್ಟ್ರು ಹೋದರು, ಭಾವ ಹೋದ, ಜಗಳ ಅರ್ಧಕ್ಕೇ ಬಿಟ್ಟು ನಾದಿನಿಯೂ ಹೋದಳು. ಚಿಕ್ಕಮ್ಮ ಉಳಿದಳು. ಅವಳ ಕೈಯಿಂದಲೇ ಟೈಲರಮ್ಮನಿಗೆ ಬರೆದೆ: "ನಾನು ಚಿಕ್ಕಮ್ಮ ಅಲ್ಲ. ಅಂಗಡಿಯ ನೌಕರ. ನನ್ನ ಮಂಡಿ ಎರಡೂ ಗಟ್ಟಿಯಾಗಿವೆ. ನಿಮಗೆ ಸುಳ್ಳು ಹೇಳಿದೆ, ತಪ್ಪಾಯ್ತು. ಹಾಸಿಗೆ ವಾಪಸ್ ತಗೋತೀವಿ."

ಟೈಲರಮ್ಮ ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಐದು ಗಂಟೆಗೆ ಚಿಕ್ಕಮ್ಮನನ್ನೂ ಅಳಿಸಿದೆ.

ಮಾರನೆಯ ಮಧ್ಯಾಹ್ನ ಅಂಗಡಿಯ ಪುಟದಲ್ಲಿ ಟೈಲರಮ್ಮನ ಹೆಸರು, ಒಂದು ನಕ್ಷತ್ರ. "ಹಾಸಿಗೆ ಪರವಾಗಿಲ್ಲ. ಮಂಡಿನೋವು ಹಾಗೇ ಇದೆ. ಚಿಕ್ಕಮ್ಮ ಇಲ್ಲ."

ಹತ್ತು ನಿಮಿಷ ಆಯಿತು. ಅರ್ಧ ಗಂಟೆಯೂ ಆಯಿತು. "ಮಾನ್ಯ ಗ್ರಾಹಕರೇ" ಎಂದು ಹದಿನೇಳು ಸಲ ಬರೆದು ಅಳಿಸಿದೆ. ಇದೊಂದು ಲೆಕ್ಕ ಮಾತ್ರ ನಾನು ಉಬ್ಬಿಸಿ ಹೇಳುತ್ತಿಲ್ಲ. ಕೊನೆಗೆ "ಊಟ ಆಯ್ತಾ?" ಎಂದಷ್ಟೇ ಬರೆದು ಕಳಿಸಿದೆ.

ಅದರ ಮೇಲೆ, ಬರೆದವರ ಜಾಗದಲ್ಲಿ, ಅಂಗಡಿಯ ಹೆಸರು ಮೂಡಿತು, ಪಕ್ಕದಲ್ಲಿ ಹಾಸಿಗೆಯ ಚಿತ್ರ. ಡಬ್ಬಿ ಮೇಜಿನ ಮೇಲೆ ಮುಚ್ಚಿದ ಹಾಗೇ ಇತ್ತು.