ತಿಪ್ಪೆಯ ಮೇಲಿಟ್ಟ ಮರಿ

ಕೊಕ್ಕು ತೆರೆಯಿತು, ಮುಚ್ಚಿತು — ಇನ್ನೂ ಜೀವ ಇದೆ, ಅಂಗಿಯೊಳಗೆ ಎದೆಗೊತ್ತಿಕೊಂಡಿದ್ದೇನೆ, ಬೆಚ್ಚಗಿದೆ, ಕತ್ತು ಮಾತ್ರ ಒಂದೇ ಕಡೆ ವಾಲುತ್ತದೆ, ಲೋಳೆಸರದ ರಸ ಕುಡಿಸಿದೆ, ಮೆಣಸಿನಕಾಯಿ ನೀರು ಕುಡಿಸಿದೆ, ಔಷಧಿ ಅಂಗಡಿಯವನು ರೆಕ್ಕೆ ಎತ್ತಿ ನೋಡಿ ಇದೇನು ರೋಗವೋ ಗೊತ್ತಿಲ್ಲಪ್ಪ, ಸಾಯುತ್ತೆ ಅಂದ, ಗೊತ್ತಿಲ್ಲದಿದ್ದರೆ ಮುಚ್ಕೊಂಡಿರು, ಸಾಯುತ್ತೆ ಅಂತ ಯಾಕೆ ಸೇರಿಸಿದೆ, ನಿನ್ನ ಬಾಯಿಗೆ ಹುಳ ಬೀಳ. ಅವ್ವ ಅಂಗಳದಲ್ಲಿ ರಾಗಿ ಕೇರುತ್ತಾ ಅದೇ ರಾಗ, ಲೋ ಮಕೋಖಾ, ನಲವತ್ತರ ಗಂಡಸು, ಕೋಳಿಮರಿಗೆ ಬಾಣಂತನ ಮಾಡ್ತಾ ಕೂತಿದೀಯಲ್ಲ, ನಾಚಿಕೆ ಇಲ್ವಾ, ಬೇಲಿಯಾಚೆ ಎಸಿ, ಉಳಿದ ಕೋಳಿಗೂ ಅಂಟಿಸ್ತೀಯ. ಎಸೆಯಲ್ಲ. ಉಳಿದವನ್ನ ಬೇರೆ ಗೂಡಿಗೆ ಹಾಕಿದೀನಿ, ಎಸೆಯಲ್ಲ, ತಾಯಿಯನ್ನು ಮುಂಗುಸಿ ಹಿಡಿದ ದಿನದಿಂದ ನನ್ನನ್ನೇ ತಾಯಿ ಅಂದುಕೊಂಡಿದೆ ಪೆದ್ದುಮುಂಡೇದು, ಕಳೆ ಕೀಳುವಾಗ ಕಾಲ ಮೇಲೇ ಕೂರುತ್ತಿತ್ತು. ನನಗಿಂತ ಮೊದಲು ಮೂರು ಕೂಸು ಹೋದವಂತೆ, ಒಂದರ ರೋಗಕ್ಕೂ ಹೆಸರಿಲ್ಲ, ನಾಲ್ಕನೆಯವನು ನಾನು, ಹುಟ್ಟಿದ ದಿನವೇ ತಿಪ್ಪೆಯ ಬೂದಿ ಮೇಲೆ ಮಲಗಿಸಿದರಂತೆ, ಇದು ಯಾರಿಗೂ ಬೇಡದ್ದು ಅಂತ ಸಾವು ಮೋಸಹೋಗಲಿ ಅಂತ, ದಾರಿಹೋಕಳು ನಸಾಂಬು ಯಾರದಿದು ಕೂಸು ಅಂತ ಎತ್ತಿ ತಂದಳಂತೆ, ಎತ್ತಿದ್ದಕ್ಕೆ ಅವಳಿಗೊಂದು ಹೇಂಟೆ ಕೊಟ್ಟರಂತೆ, ಅದಕ್ಕೇ ನಾನು ಮಕೋಖಾ, ನಮ್ಮ ಮಾತಲ್ಲಿ ತಿಪ್ಪೆಯವನು ಅಂತ. ಅವ್ವಾ, ನನ್ನನ್ನೂ ಎಸೆದಿದ್ದೆಯಲ್ಲ? ಮೊರ ನಿಂತಿತು. ಎಸೆದದ್ದಲ್ಲ ಕಣೋ, ಯಾರಾದ್ರೂ ಎತ್ಕೊಳ್ಳಲಿ ಅಂತ ಇಟ್ಟದ್ದು.

ಹಾಗಾದರೆ ನಾನೂ ಇಡುತ್ತೇನೆ — ಅಯ್ಯೋ, ಕೋಳಿಗೆ ಯಾರಾದ್ರೂ ಆ ಶಾಸ್ತ್ರ ಮಾಡ್ತಾರೇನೋ, ಊರು ನಗುತ್ತೆ — ನಗಲಿ, ಹಲ್ಲಿದ್ದವರೆಲ್ಲ ನಗಲಿ, ಬೂದಿ ಮೇಲೆ ಇಟ್ಟೆ, ದೂರ ಬಂದು ನಿಂತೆ, ಎತ್ತುವವರು ಹೊರಗಿನವರೇ ಆಗಬೇಕು, ಎದೆಯ ಮೇಲೆ ಅದಿದ್ದ ಜಾಗ ತಣ್ಣಗಾಗುತ್ತಿದೆ, ಭಯವಾಗುತ್ತಿದೆ, ಆದರೂ ಎಲೇ ಸಾವೇ, ಮುಂದಕ್ಕೆ ಹೋಗು, ಇಲ್ಲಿ ನಿನಗೇನೂ ಇಲ್ಲ. ಸೈಕಲ್ಲಿನವನು ನಿಲ್ಲಲಿಲ್ಲ, ಕಬ್ಬಿನ ಹೊರೆಯವಳು ಕಿಸಕ್ಕೆಂದು ನಕ್ಕು ಹೋದಳು, ಕಾಗೆ ಇಳಿಯಿತು, ಕಲ್ಲು ಬೀಸಿದೆ. ಅವ್ವ ಈಗ ಗೊಣಗುತ್ತಿಲ್ಲ, ಬೇಲಿ ಹಿಡಿದು ದಾರಿಯನ್ನೇ ನೋಡುತ್ತಿದ್ದಾಳೆ, ಥೂ, ಎಲ್ಲಿ ಹಾಳಾಗಿ ಹೋದ್ರೋ ಈ ಊರ ಜನ, ಆಮೇಲೆ ತಾನೇ ಕೂಗಿದಳು, ಏ ನಸಾಂಬೂ, ಈ ಕಡೆಯಿಂದ ಬಾರೇ! ಅದೇ ನಸಾಂಬು ಅಜ್ಜಿ, ಈಗ ಕೋಲೂರಿಕೊಂಡು, ತಿಪ್ಪೆಯ ಹತ್ತಿರ ನಿಂತಳು, ನನ್ನತ್ತ ನೋಡಲಿಲ್ಲ, ಬಗ್ಗಿದಳು, ಯಾರದಿದು ಕೂಸು? — ಉತ್ತರ ಕೊಡಬಾರದು, ನಮ್ಮದು ಅಂದರೆ ಸಾವಿಗೆ ಗೊತ್ತಾಗುತ್ತದೆ, ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು, ಬೂದಿಯಲ್ಲಿ ಕೊಕ್ಕು, ಮುಚ್ಚಿದೆ, ಮುಚ್ಚಿಯೇ ಇದೆ, ಅಜ್ಜಿಯ ಕೈ ಅದರಡಿಗೆ ಹೋಯಿತು, ಕೊಕ್ಕು — ತೆರೆಯಿತು