ನೋವಿಗೆ ಸೊನ್ನೆ

ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಮೇಷ್ಟ್ರ ಮಂಚವನ್ನು ಕೆಳಗಿನ ಕೋಣೆಗೆ ತಂದು ಹಾಕಿದ್ದರು. ಪ್ರಾರ್ಥನೆಯ ಕೋಣೆ ಮಹಡಿಯ ಮೇಲಿತ್ತು. ಹೆಂಡತಿ ತೀರಿಕೊಳ್ಳುವ ಹಿಂದಿನ ಸಂಜೆಯೂ ಇಬ್ಬರೂ ಅಲ್ಲಿ ಪಕ್ಕಪಕ್ಕದ ಚಾಪೆಗಳ ಮೇಲೆ ಕೂತು ದೇವರನ್ನು ನೆನೆದಿದ್ದರು. ಮಲಗಿದಲ್ಲಿಂದ ಮೇಷ್ಟ್ರಿಗೆ ಮೆಟ್ಟಿಲು ಕಾಣುತ್ತಿತ್ತು. ಮಗಳು ಅದಕ್ಕೆ ಅಡ್ಡಲಾಗಿ ಕುರ್ಚಿ ಇಟ್ಟಿದ್ದಳು.

"ಅಮ್ಮನ ಚಾಪೆ ಕೆಳಗೇ ತಂದುಬಿಡ್ತೀನಪ್ಪ. ಮೇಲಿನ ಕೋಣೆಗೆ ಬೀಗ ಹಾಕೋಣ."

"ಮುಟ್ಟಬೇಡಮ್ಮ. ನಾನೇ ಹತ್ತಿ ಹೋಗ್ತೀನಿ."

ಫಿಸಿಯೋಥೆರಪಿಯ ಹುಡುಗಿ ದಿನ ಬಿಟ್ಟು ದಿನ ಬರುತ್ತಿದ್ದಳು. ಹಿಮ್ಮಡಿ ಹಿಡಿದು ಕಾಲನ್ನು ಮೆಲ್ಲಗೆ ಮಡಿಸುತ್ತ, "ನೋವು ಹತ್ತಕ್ಕೆ ಎಷ್ಟು, ಮೇಷ್ಟ್ರೇ?" ಎನ್ನುವಳು.

"ದೇವರ ದಯೆ. ಸೊನ್ನೆ."

ದೇವರು ಹೆಂಡತಿಯನ್ನು ಕರೆದುಕೊಂಡಾಗಲೇ ಚಕಾರ ಎತ್ತದವರು, ಒಂದು ಮಂಡಿಗಾಗಿ ದೂರು ಹೇಳುವುದುಂಟೇ? ಸೊನ್ನೆ ಎಂದ ಮೇಲೆ ಅವಳು ಇನ್ನಷ್ಟು ಮಡಿಸುವಳು. ಮೇಷ್ಟ್ರು ಹಲ್ಲು ಕಚ್ಚಿ, ಮಂಚದ ಅಂಚು ಹಿಡಿದು, ಮುಖ ಗೋಡೆಗೆ ತಿರುಗಿಸುವರು.

ಒಂದು ಬೆಳಿಗ್ಗೆ ಮಂಡಿ ಕುಂಬಳಕಾಯಿಯಂತೆ ಬಾತುಕೊಂಡಿತ್ತು. ಮಡಿಸುವುದಿರಲಿ, ಹೊದಿಕೆ ತಾಗಿದರೂ ಪ್ರಾಣ ಹೋಗುತ್ತಿತ್ತು. ಹುಡುಗಿ ಡಾಕ್ಟರಿಗೆ ಫೋನು ಮಾಡಿ ಕೇಳಿಕೊಂಡು, ಮಂಜುಗಡ್ಡೆಯ ಚೀಲ ಇಟ್ಟಳು.

"ಪಾಠ ಹೇಳುವಾಗ ಎಲ್ಲರಿಗೂ ಹೀಗೇ ಸೊನ್ನೆ ಹಾಕ್ತಿದ್ರಾ?"

"ಬರೆದವರಿಗೆ ಹಾಕ್ತಿರಲಿಲ್ಲ."

"ಈ ಮಂಡಿ ಪುಟಗಟ್ಟಲೆ ಬರೆದಿದೆ. ನೀವು ಓದಲಿಲ್ಲ, ಅಷ್ಟೆ." ಅವಳು ನಗಲಿಲ್ಲ. "ಸ್ವಲ್ಪ ನೋವು ಇದ್ದೇ ಇರುತ್ತೆ ಮೇಷ್ಟ್ರೇ. ಎಲ್ಲಿ ನಿಲ್ಲಿಸಬೇಕು ಅನ್ನೋದು ನೀವು ಬಾಯಿ ಬಿಟ್ರೆ ತಾನೇ ನನಗೆ ಗೊತ್ತಾಗೋದು?"

"ಮೆಟ್ಟಿಲು ಯಾವಾಗ ಹತ್ತಲಿ?"

"ಸದ್ಯ ಆ ಮಾತು ಬೇಡ. ಊತ ಇಳೀಲಿ, ಆಮೇಲೆ ಮೊದಲಿಂದ ಶುರು."

ಊತ ಇಳಿಯುವವರೆಗೆ ಮೇಷ್ಟ್ರು ಕಿಟಕಿ, ಗೋಡೆ, ಮೆಟ್ಟಿಲು ಇವನ್ನೇ ನೋಡುತ್ತ ಬಿದ್ದಿದ್ದರು. ಮತ್ತೆ ಹುಡುಗಿ ಹಿಮ್ಮಡಿ ಹಿಡಿದಾಗ ಕಾಲು ಮೊದಲಿನ ಅರ್ಧವೂ ಮಡಿಯಲಿಲ್ಲ.

"ಎಷ್ಟು?"

ಮೇಷ್ಟ್ರು ಗೋಡೆ ಬಿಟ್ಟು ಅವಳ ಕಡೆ ತಿರುಗಿದರು. "ಏಳು."

ಅವಳು ಅಲ್ಲಿಗೇ ನಿಲ್ಲಿಸಿದಳು. "ನಾಳಿದ್ದು ಇಲ್ಲಿಂದ ಮುಂದಕ್ಕೆ ನೋಡೋಣ."

ಆ ಸಂಜೆ ಮೇಷ್ಟ್ರು ಮಂಚದ ಮೇಲೆ ಕೂತೇ ಕಣ್ಣು ಮುಚ್ಚಿದರು. ಎಂದಿನ ಪ್ರಾರ್ಥನೆಯ ಮಾತು ಬಾಯಿಗೆ ಬರಲಿಲ್ಲ.

"ಅವಳಿಲ್ಲದೆ ಬಹಳ ನೋಯ್ತಿದೆ, ತಂದೆ," ಎಂದರು.